ಹೋಮ್‌ಮಿಥ್ಯಾತ್ವ ಖಂಡನ

ಗ್ರಂಥದ ಆರಂಭದಲ್ಲಿ ಕ್ಷೇತ್ರಮಹಿಮೆ ಹೇಳುವುದು ವಾಡಿಕೆ. ತಿರುಪತಿಗೆ ಹೊರಟವರು ಮುಳಬಾಗಿಲನ್ನು ದೋಸೆಗೆ ಕಾರು ನಿಲ್ಲಿಸುವ ಊರೆಂದು ತಿಳಿದಿದ್ದಾರೆ. ಅದು ತಪ್ಪಲ್ಲ, ಅಪೂರ್ಣ. 14ನೇ ಶತಮಾನದಲ್ಲಿ ದ್ವೈತದ ಅಕ್ಷೋಭ್ಯ ತೀರ್ಥರಿಗೂ ಅದ್ವೈತದ ವಿದ್ಯಾರಣ್ಯರಿಗೂ ‘ತತ್ತ್ವಮಸಿ’ಯ ಅರ್ಥದ ಮೇಲೆ ಇಲ್ಲೇ ವಾದ ನಡೆಯಿತೆಂದೂ, ತೀರ್ಪು ವೇದಾಂತ ದೇಶಿಕರ ಬಳಿಗೆ ಹೋಯಿತೆಂದೂ ಮಾಧ್ವ ಸಂಪ್ರದಾಯ ಹೇಳುತ್ತದೆ. ಗೆದ್ದವರು ಯಾರೆಂಬುದು ನೀವು ಯಾವ ಮಠದ ಪಂಕ್ತಿಯಲ್ಲಿ ಕೂತು ಕೇಳುತ್ತಿದ್ದೀರಿ ಎಂಬುದರ ಮೇಲಿದೆ. ಹೀಗೆ ಜಗತ್ತು ಸತ್ಯವೋ ಮಾಯೆಯೋ ಎಂಬ ತಕರಾರು ನಮ್ಮ ಕೋಲಾರ ಜಿಲ್ಲೆಯಲ್ಲಿ ಆರುನೂರು ವರ್ಷಗಳಿಂದ ಪೆಂಡಿಂಗ್ ಇದೆ. ಆ ಫೈಲಿಗೆ ಹೊಸ ಕಾಗದವೊಂದನ್ನು ಸೇರಿಸುವುದಷ್ಟೇ ಈ ಪ್ರಬಂಧದ ಉದ್ದೇಶ.

ವಿಚಾರಕ್ಕೆ ಎತ್ತಿಕೊಂಡ ಲೋಕದ ಹೆಸರು ಪ್ಲೇಸ್ಟೇಷನ್ ಹೋಮ್, ಪಿಎಸ್3 ಎಂಬ ಆಟದ ಪೆಟ್ಟಿಗೆಯೊಳಗಿನ ಆನ್‌ಲೈನ್ ಲೋಕ. ಸೃಷ್ಟಿಕರ್ತರು ಸೋನಿಯ ಲಂಡನ್ ಸ್ಟುಡಿಯೊದವರು. 2007ರ ಮಾರ್ಚ್‌ನಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಸೋನಿಯ ಫಿಲ್ ಹ್ಯಾರಿಸನ್ ಅದನ್ನು ಘೋಷಿಸಿದರು. ಅದೇ ವರ್ಷ ಬರಬೇಕಿದ್ದದ್ದು 2008ರ ಡಿಸೆಂಬರ್ 11ಕ್ಕೆ ಎಲ್ಲರಿಗೂ ತೆರೆಯಿತು, ಅದೂ ‘ಬೀಟಾ’ ಎಂಬ ಹಣೆಪಟ್ಟಿ ಕಟ್ಟಿಕೊಂಡು. ಬೀಟಾ ಪದಕ್ಕೆ ಕನ್ನಡದಲ್ಲಿ ಹೊಸ ಪದ ಟಂಕಿಸಬೇಕಿಲ್ಲ. ‘ಕಾಮಗಾರಿ ಪ್ರಗತಿಯಲ್ಲಿದೆ’ ಎಂಬ ಬೋರ್ಡು ನಮ್ಮ ಪ್ರತಿ ರಸ್ತೆಯಲ್ಲೂ ಇದೆ. ಹೋಮ್ ಬದುಕಿದ್ದ ಆರು ವರ್ಷ ಚಿಲ್ಲರೆಯೂ ಆ ಬೋರ್ಡು ಇಳಿಯಲಿಲ್ಲ. ಅದು ಸತ್ಯಲೋಕ ಎನ್ನಲು ಇಷ್ಟೇ ಸಾಕಿತ್ತು. ಆದರೆ ಪಂಡಿತರು ಪ್ರತ್ಯಕ್ಷ ಪ್ರಮಾಣ ಕೇಳುತ್ತಾರೆ.

ಪ್ರತ್ಯಕ್ಷವೆಂದರೆ ಮಾಲೂರಿನ ನನ್ನ ಅಕ್ಕನ ಮನೆ, 2009ರ ಬೇಸಿಗೆ. ಪಿಎಸ್3 ಭಾರತಕ್ಕೆ ಬಂದಾಗ ಬೆಲೆ 39,990 ರೂಪಾಯಿ. ಅಕ್ಕನ ಮಗ ಭಾವನನ್ನು ಅದು ಹೇಗೆ ಒಪ್ಪಿಸಿದ ಎಂಬುದು ಬೇರೆಯದೇ ಶಾಸ್ತ್ರ. ಅಕೌಂಟು ತೆರೆಯುವಾಗ ಲಂಡನ್ನಿನ ವಿಳಾಸ ಕೊಟ್ಟಿದ್ದನಾದ್ದರಿಂದ ಹುಡುಗ ಮಾಲೂರಿನಲ್ಲಿ ಉಣ್ಣುತ್ತಾ ಇಂಗ್ಲೆಂಡಿನಲ್ಲಿ ವಾಸವಾಗಿದ್ದ. “ಹೋಮಿಗೆ ಹೋಗ್ತಿದೀನಿ ಮಾವ” ಅಂದ. ಮನೇಲಿ ಕೂತು ಮನೆಗೆ ಹೋಗೋದೇನೋ ಅಂದೆ. ಆ ಲೋಕದಲ್ಲಿ ಯಾವ ಜಾಗಕ್ಕೆ ಮೊದಲ ಸಲ ಕಾಲಿಡಬೇಕಾದರೂ ಅದು ಮೊದಲು ಡೌನ್‌ಲೋಡ್ ಆಗಬೇಕು. ಗೆರೆ ಅರ್ಧ ತುಂಬುವಷ್ಟರಲ್ಲಿ ಅಕ್ಕ ಕಾಫಿ ಕೊಟ್ಟಳು, ಮುಕ್ಕಾಲು ಆಗುವಷ್ಟರಲ್ಲಿ ಲೋಟ ತೊಳೆದಿಟ್ಟಳು, ಆಮೇಲೆ ಕರೆಂಟು ಹೋಯಿತು. ಪುರಾಣಗಳಲ್ಲಿ ಪ್ರಳಯವಾಗುವುದು ಸೃಷ್ಟಿಯ ನಂತರ. ಇಲ್ಲಿ ಮುಂಚೆಯೇ ಆಯಿತು.

ಸಂಜೆ ಕರೆಂಟು ಬಂದ ಮೇಲೆ ಒಳಹೊಕ್ಕೆವು. ಟೀವಿಯಲ್ಲಿ ಕೂದಲು ನಿಮಿರಿಸಿಕೊಂಡ ಯಾರೋ ಬಿಳಿಯ ನಿಂತಿದ್ದ. ಅವನೇ ನಮ್ಮ ಹುಡುಗನಂತೆ. ಅಕ್ಕ ಅಡುಗೆಮನೆಯಿಂದ ಇಣುಕಿ “ಇದೇನೋ ನಿನ್ನ ಅವತಾರ!” ಎಂದಳು. ತಾನು ಆ ಲೋಕದ ಪಾರಿಭಾಷಿಕ ಪದವನ್ನೇ ಬಳಸಿದೆನೆಂಬುದು ಅವಳಿಗೆ ತಿಳಿಯದು.

ಸೇರಿದ ಪ್ರತಿಯೊಬ್ಬನಿಗೂ ಅಲ್ಲಿ ಬಂದರಿನ ದಡದಲ್ಲೊಂದು ಮನೆ, ಬಿಟ್ಟಿ. ಮಾಲೂರೆಂದರೆ ಹೆಂಚು, ಇಟ್ಟಿಗೆಗಳ ಊರು. ಭಾವ ಗೋಡೆಯನ್ನೇ ದಿಟ್ಟಿಸಿ “ಎಷ್ಟು ಲೋಡ್ ಇಟ್ಟಿಗೆ ಹಿಡೀತಂತೆ?” ಎಂದರು. ಹುಡುಗ ಬಾಲ್ಕನಿಗೆ ನಡೆದ. ಎದುರಿಗೆ ಕಣ್ಣು ಹಾಯುವಷ್ಟು ದೂರ ನೀರು. ಸಾವಿರ ಅಡಿ ಕೊರೆಸಿ ಎರಡು ಸಲ ಬರೀ ಧೂಳು ಕಂಡವರು ಭಾವ. ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ, “ಇಷ್ಟು ನೀರಿಟ್ಕೊಂಡು ಒಬ್ಬನೂ ಒಂದೆಕರೆ ಟೊಮೆಟೊ ಹಾಕಿಲ್ವಲ್ಲ” ಎಂದರು.

ಈಗ ಸಿದ್ಧಾಂತ. ಹೋಮಿನಲ್ಲೊಂದು ಬೌಲಿಂಗ್ ಅಂಗಳವಿತ್ತು, ಬದಿಗೆ ಬಿಲಿಯರ್ಡ್ಸ್ ಮೇಜುಗಳು, ಆಟದ ಯಂತ್ರಗಳು. ಯಂತ್ರ ಒಂದು, ಆಡುವವನು ಒಬ್ಬ. ಮಿಕ್ಕವರು ಅವನ ಬೆನ್ನ ಹಿಂದೆ ನಿಲ್ಲಬೇಕು. ನಮ್ಮ ಹುಡುಗ ಹತ್ತು ನಿಮಿಷ ಅಲುಗಾಡದೆ ನಿಂತಿದ್ದ. ಯಂತ್ರ ಕೆಟ್ಟಿತೇನೋ ಅಂದುಕೊಂಡೆ. “ಇಲ್ಲ ಮಾವ, ಕ್ಯೂನಲ್ಲಿದೀನಿ” ಅಂದ. ನನಗೆ ಮೈ ಜುಮ್ಮೆಂದಿತು. ಇಟ್ಟಿಗೆ ಬೇಡದ, ಕಬ್ಬಿಣ ಬೇಡದ, ಇನ್ನೂ ಸಾವಿರ ಯಂತ್ರಗಳನ್ನು ಸಂಕಲ್ಪಮಾತ್ರದಿಂದ ನಿಲ್ಲಿಸಬಹುದಾದ ಲೋಕದಲ್ಲೂ ಯಂತ್ರ ಕಡಿಮೆ, ಜನ ಜಾಸ್ತಿ! ಕನಸಿನಲ್ಲಿ ಆನೆ ಬರುತ್ತದೆ, ಸತ್ತ ಅಜ್ಜಿ ಬರುತ್ತಾಳೆ. ರೇಷನ್ ಅಂಗಡಿಯ ಸಾಲು ಎಂದಾದರೂ ಬಂದಿದೆಯೇ? ಮಾಯೆಗೆ ಸಾಲು ನಿಲ್ಲಿಸುವ ಗರಜಿಲ್ಲ. ಆದ್ದರಿಂದ ತರ್ಕಶಾಸ್ತ್ರದ ಹೊಗೆ, ಬೆಂಕಿಗಳನ್ನು ಬದಿಗಿಟ್ಟು ಹೊಸ ವ್ಯಾಪ್ತಿಯನ್ನು ಹೇಳುತ್ತೇನೆ: ಯತ್ರ ಯತ್ರ ಸರದಿಃ, ತತ್ರ ತತ್ರ ಸತ್ಯಮ್. ದೃಷ್ಟಾಂತ, ಭಾನುವಾರ ಬೆಳಗಿನ ಮುಳಬಾಗಿಲು ದೋಸೆ. ಆ ಸಾಲಿನಲ್ಲಿ ನಿಂತವನೊಬ್ಬನೂ ಜಗತ್ತು ಮಿಥ್ಯೆ ಎಂದದ್ದನ್ನು ನಾನು ಕೇಳಿಲ್ಲ. ಸಂಸ್ಕೃತದ ವ್ಯಾಕರಣ ಕೆಟ್ಟಿದ್ದರೆ ಪಂಡಿತರು ಕ್ಷಮಿಸಬೇಕು, ಸರದಿ ನನ್ನದು.

ಆಕ್ಷೇಪ ಬರುತ್ತದೆ: ಅವತಾರಕ್ಕೆ ಮಾತ್ರ ಹೊಂದುವ, ನಮ್ಮ ಮೈಗೆ ತೊಡಲಾಗದ ಅಂಗಿಗೆ ನಿಜವಾದ ದುಡ್ಡು ತೆರುವುದು ಭ್ರಾಂತಿಯಲ್ಲವೇ? ಅಲ್ಲಿ ಡೀಸೆಲ್ ಎಂಬ ಅಂಗಡಿ ಕಂಡು, ಪಂಪ್‌ಸೆಟ್ ಇಲ್ಲದ ಊರಿಗೆ ಇದೇಕೆ ಎಂದು ನಾನೂ ಬೆಚ್ಚಿದ್ದುಂಟು. ಇಟಲಿಯ ಬಟ್ಟೆ ಕಂಪನಿಯಂತೆ. ಸಮಾಧಾನಕ್ಕೆ ಶ್ರೀನಿವಾಸಪುರಕ್ಕೆ ಹೋಗಬೇಕು. ಅಲ್ಲಿ ಮಾವು ಹೂ ಬಿಟ್ಟಾಗಲೇ, ಎಷ್ಟೋ ಸಲ ಅದಕ್ಕೂ ಮುಂಚೆಯೇ, ವ್ಯಾಪಾರಿ ತೋಟದ ಫಸಲನ್ನು ಗುತ್ತಿಗೆ ಹಿಡಿದು ಮುಂಗಡ ಎಣಿಸುತ್ತಾನೆ. ಇನ್ನೂ ಹುಟ್ಟದ ತೋತಾಪುರಿಗೆ ಬೆಲೆ ಕಟ್ಟಿ, ತಿರುಳು ತೆಗೆಯುವ ಚಿತ್ತೂರಿನ ಕಾರ್ಖಾನೆ ಏನು ಕೊಟ್ಟೀತು ಎಂದು ಮನಸ್ಸಿನಲ್ಲೇ ಲಾಭವನ್ನೂ ಗುಣಿಸಿರುತ್ತಾನೆ. ಒಂದು ಆಲಿಕಲ್ಲು ಮಳೆಗೆ ಎಲ್ಲವೂ ನೆಲಕ್ಕೆ. ಅವನನ್ನು ಯಾರೂ ಭ್ರಾಂತ ಎನ್ನುವುದಿಲ್ಲ, ಸಾಹುಕಾರ ಎನ್ನುತ್ತಾರೆ.

ಎದುರಾಳಿಯ ಕೈಯಲ್ಲಿ ಇನ್ನೊಂದು ಅಸ್ತ್ರವಿದೆ, ಮುಚ್ಚಿಡುವುದಿಲ್ಲ. 2015ರಲ್ಲಿ ಹೋಮ್ ಮುಚ್ಚಿತು. ಕೆಜಿಎಫ್ ಗಣಿ 2001ರಲ್ಲಿ ಮುಚ್ಚಿದಾಗ ಸೈನೈಡ್ ಗುಡ್ಡಗಳಾದರೂ ಉಳಿದವು. ಗಾಳಿ ಎದ್ದರೆ ಇವತ್ತಿಗೂ ಊರಿನ ಕಣ್ಣಿಗೆ ಬೀಳುವ ಸತ್ಯ ಅದು. ಹೋಮಿನದು ಹಿಡಿ ಮಣ್ಣೂ ಉಳಿಯಲಿಲ್ಲ. ಹುಡುಗನ ಅಂಗಿ, ಮನೆ, ಹಿಂದೆ ಮುಂದೆ ಸಾಲು ನಿಂತಿದ್ದವರು, ಎಲ್ಲರೂ ಒಂದೇ ಗಳಿಗೆಯಲ್ಲಿ ಇಲ್ಲವಾದರು. ಇದು ಅದ್ವೈತವಲ್ಲದೆ ಮತ್ತೇನು ಎಂದು ವಿದ್ಯಾರಣ್ಯರ ಕಡೆಯವರು ನಗಬಹುದು. ಆದರೆ ತಾರೀಖು ನೋಡಿ: ಮಾರ್ಚ್ 31. ಮಾಯೆಗೆ ಆರ್ಥಿಕ ವರ್ಷ ಉಂಟೇ?

ಹುಡುಗ ಈಗ ನರಸಾಪುರದ ಕಾರ್ಖಾನೆಯಲ್ಲಿ ಶಿಫ್ಟ್ ಮಾಡುತ್ತಾನೆ. ಬಸ್ಸಿಗೆ ಸರದಿ ನಿಲ್ಲುವ ಅಭ್ಯಾಸ ಅವನಿಗೆ ಮೊದಲೇ ಇತ್ತು. ನಾನು ಈ ಪ್ರಬಂಧವನ್ನು ಭಾವನಿಗೆ ಪೂರ್ತಿ ಓದಿ ಹೇಳಿದೆ. ಬೆಂಗಳೂರು ಬಳಸಿ ಬಿಟ್ಟ ನೀರು ಶುದ್ಧಿಯಾಗಿ 2018ರಿಂದ ನಮ್ಮ ಕೆರೆಗಳಿಗೆ ಹರಿಯುತ್ತಿರುವುದನ್ನು ಅವರು ದಿನಾ ಹೋಗಿ ನೋಡಿಬರುತ್ತಾರೆ. ಮಿಥ್ಯೆ, ಸತ್ಯ, ವ್ಯಾಪ್ತಿ, ದೃಷ್ಟಾಂತ ಎಲ್ಲವನ್ನೂ ಕಣ್ಣು ಮುಚ್ಚಿ ಕೇಳಿಸಿಕೊಂಡು, ಕಡೆಗೆ ಒಂದೇ ಪ್ರಶ್ನೆ ಕೇಳಿದರು.

“ಅದೆಲ್ಲ ಇರ್ಲಿ. ಮುಚ್ಚಿದ ಮೇಲೆ ಅಷ್ಟೂ ನೀರನ್ನ ಯಾವ ಕೆರೆಗೆ ಬಿಟ್ರಂತೆ?”