ಹಬ್ಬವ್ಯಯ ಮೀಮಾಂಸೆ
(ದಂಪತಿ ಕಲಹ ನಿವಾರಣ ಪ್ರಕರಣ ಸಹಿತ)

ಪೀಠಿಕೆ

ಶಾಸ್ತ್ರ ಬರೆಯಹೊರಟವನು ಮೊದಲ ಪುಟದಲ್ಲೇ ನಾಲ್ಕು ಸಂಗತಿ ಒಪ್ಪಿಸಬೇಕೆಂಬುದು ಹಿರಿಯರ ಕಟ್ಟಳೆ: ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ. ಈ ಗ್ರಂಥಕ್ಕೆ ಅಧಿಕಾರಿ, ಮದುವೆಯಾಗಿ ಒಂದಾದರೂ ವರಮಹಾಲಕ್ಷ್ಮಿ ಹಬ್ಬವನ್ನು ಜೊತೆಯಾಗಿ ದಾಟಿದವನು ಅಥವಾ ದಾಟಿದವಳು. ವಿಷಯ, ಶ್ರಾವಣ ಹುಟ್ಟಿದ ಮೇಲೆ ಮನೆಬಿಟ್ಟು ಹೋಗುವ ದುಡ್ಡು. ಸಂಬಂಧ ಎರಡು ಬಗೆ: ಅವಳ ಕಡೆಯದು, ಅವನ ಕಡೆಯದು. ಪ್ರಯೋಜನ, ಒಬ್ಬಟ್ಟು ತಟ್ಟುವ ಹೊತ್ತಿಗೆ ಇಬ್ಬರಿಗೂ ಮಾತು ಉಳಿದಿರುವುದು.

ಕಾಲನಿರ್ಣಯ

ನಾಗರಪಂಚಮಿಯಿಂದ ಬಲಿಪಾಡ್ಯಮಿಯವರೆಗೆ ಸುಮಾರು ಮೂರು ತಿಂಗಳು. ಅಷ್ಟರೊಳಗೆ ವರಮಹಾಲಕ್ಷ್ಮಿ, ಕೃಷ್ಣಾಷ್ಟಮಿ, ಗೌರಿ, ಗಣೇಶ, ಆಯುಧಪೂಜೆ, ದೀಪಾವಳಿ ಸಾಲುಗಟ್ಟಿ ಬರುತ್ತವೆ. ಸಂಬಳ ಬರುವುದು ತಿಂಗಳಿಗೆ ಒಂದೇ ಸಲ. ನಡುವಿನ ಹಳ್ಳಕ್ಕೆ ಬೋನಸ್ ಎಂಬ ಸೇತುವೆಯಿದೆ. 1965ರ ಬೋನಸ್ ಕಾಯಿದೆ, ಆಮೇಲಿನ ತಿದ್ದುಪಡಿಗಳ ಬಳಿಕ, ಕನಿಷ್ಠ ಶೇ 8.33 ಕೊಡಬೇಕೆಂದು ವಿಧಿಸಿತು. ಲೆಕ್ಕಕ್ಕೆ ಹಿಡಿದ ವರ್ಷದ ಸಂಬಳದಲ್ಲಿ ಹನ್ನೆರಡನೇ ಒಂದು ಪಾಲು. ಲೆಕ್ಕದ ವರ್ಷ ಮುಗಿದ ಎಂಟು ತಿಂಗಳೊಳಗೆ ಕೊಟ್ಟರೆ ಸಾಕೆಂದೂ ಹೇಳಿತು. ಮಾರ್ಚಿಗೆ ವರ್ಷ ಮುಗಿಸುವ ಕಂಪನಿಗೆ ನವೆಂಬರ್ ತನಕ ಪುರುಸೊತ್ತು. ಹಾಗಾಗಿ ಆಗಸ್ಟಿನ ಸೀರೆ, ಸೆಪ್ಟೆಂಬರಿನ ಬೆಳ್ಳಿ ದೀಪ, ಅಕ್ಟೋಬರಿನ ಟಿವಿ ಮೂರೂ "ಬೋನಸ್ ಬರುತ್ತಲ್ಲ" ಎಂಬ ಒಂದೇ ಮಂತ್ರದ ಬಲದಿಂದ ಮನೆಯೊಳಗೆ ಬರುತ್ತವೆ. ಒಂದೇ ರೂಪಾಯಿ ಮೂರು ಸಲ ಖರ್ಚಾಗುತ್ತದೆಂದರೆ ಗಣಿತಜ್ಞರು ಒಪ್ಪಲಿಕ್ಕಿಲ್ಲ. ಗೃಹಸ್ಥರು ಒಪ್ಪಿ ಬಹಳ ಕಾಲವಾಯಿತು.

ಪ್ರಮಾಣ ಪ್ರಕರಣ

ಖರ್ಚು ನಡೆದಿದೆ ಎಂದು ತಿಳಿಯುವುದು ಹೇಗೆ? ಭಾಟ್ಟ ಮೀಮಾಂಸಕರು ಒಪ್ಪಿದ ಆರೂ ಪ್ರಮಾಣಗಳು ಇಲ್ಲಿ ಸಲ್ಲುತ್ತವೆ.

ಒಗೆಯಲು ಹಾಕಿದ ಪ್ಯಾಂಟಿನ ಜೇಬಿನಲ್ಲಿ ಸಿಕ್ಕ ಬಿಲ್ಲು ಪ್ರತ್ಯಕ್ಷ. ಯಾರೂ ಹೇಳದೆ ಗಂಡ ಪಾತ್ರೆ ತೊಳೆಯುತ್ತಿದ್ದಾನೆ, ಹೊಗೆಯಿದ್ದಲ್ಲಿ ಬೆಂಕಿ, ಆದ್ದರಿಂದ ಏನೋ ಕೊಂಡಿದ್ದಾನೆ: ಇದು ಅನುಮಾನ. "ಪಕ್ಕದ ಮನೆಯವರ ಲಕ್ಷ್ಮಿ ಮುಖವಾಡ ಇದೆಯಲ್ಲ, ಅಂಥದ್ದೇ" ಎಂಬುದು ಉಪಮಾನ. ಹಗಲು ಉಣ್ಣದ ದೇವದತ್ತ ದಪ್ಪಗಿದ್ದರೆ ರಾತ್ರಿ ಉಣ್ಣುತ್ತಿರಬೇಕು ಎಂದು ಶಾಸ್ತ್ರ ಹೇಳುತ್ತದೆ. ಏನೂ ತರಿಸಿಲ್ಲ ಎನ್ನುವವರ ಮಂಚದಡಿ ರಟ್ಟಿನ ಡಬ್ಬ ಹೆಚ್ಚುತ್ತಿದ್ದರೆ ಕೊರಿಯರ್ ಆಫೀಸಿಗೆ ಬರುತ್ತಿರಬೇಕು. ಇದು ಅರ್ಥಾಪತ್ತಿ. ಇಪ್ಪತ್ತನೇ ತಾರೀಖಿಗೆ ಖಾತೆಯಲ್ಲಿ ಏನೂ ಕಾಣದಿರುವುದು ಅನುಪಲಬ್ಧಿ. ಇವೆಲ್ಲಕ್ಕಿಂತ ಬಲವಾದದ್ದು ಶಬ್ದಪ್ರಮಾಣ. ಹೆಂಡತಿ ಚಿಕ್ಕಪೇಟೆಯಲ್ಲಿ ಕಾರ್ಡು ಉಜ್ಜಿದ ಮರುಕ್ಷಣ ಗಂಡನ ಮೇಜಿನ ಮೇಲೆ "ಟಿಂಗ್" ಎನ್ನುತ್ತದೆ. ಬ್ಯಾಂಕಿನ ಸಂದೇಶ ಆಪ್ತವಾಕ್ಯ, ಅದರೊಡನೆ ವಾದಿಸುವಂತಿಲ್ಲ.

ಸತ್ತಾ ಪ್ರಕರಣ

ಅದ್ವೈತಿಗಳು ಸತ್ತೆ ಮೂರು ತೆರನೆಂದರು. ಸೀರೆಯ ಬೆಲೆಯೂ ಹಾಗೆಯೇ. ಬಿಲ್ಲಿನಲ್ಲಿರುವುದು ಪಾರಮಾರ್ಥಿಕ, ಅದನ್ನು ಕಂಡವರು ವಿರಳ. ಗಂಡನಿಗೆ ಹೇಳುವುದು ವ್ಯಾವಹಾರಿಕ, ಸ್ವಲ್ಪ ಕಡಿಮೆ. ಓರಗಿತ್ತಿಗೆ ಹೇಳುವುದು ಪ್ರಾತಿಭಾಸಿಕ, ಸಾಕಷ್ಟು ಹೆಚ್ಚು. ಗಂಡಸರು ಇದನ್ನು ಓದಿ ಮೀಸೆಯಡಿ ನಗಬೇಕಾಗಿಲ್ಲ. ಹೊಸ ಫೋನನ್ನು "ಹಳೇದು ಕೊಟ್ಟೆ, ಮೇಲೆ ಸ್ವಲ್ಪ ಹಾಕಿದೆ" ಎಂದು ತೋರಿಸುವಾಗ ಆ "ಸ್ವಲ್ಪ" ಯಾವ ಸತ್ತೆಗೆ ಸೇರಿದ್ದೆಂದು ಕಂತು ಕಟ್ಟುವವರೇ ಬಲ್ಲರು. 1909ರಲ್ಲಿ ಮೈಸೂರಿನ ಆರ್. ಶಾಮಶಾಸ್ತ್ರಿಗಳು ಅಚ್ಚಿಗೆ ತಂದ ಅರ್ಥಶಾಸ್ತ್ರದಲ್ಲಿ ಅಧಿಕಾರಿಗಳು ಬೊಕ್ಕಸದ ಹಣ ನುಂಗುವ ನಲವತ್ತು ಉಪಾಯಗಳ ಪಟ್ಟಿಯಿದೆ. ಕೌಟಿಲ್ಯ ಸಂಸಾರಿಗಳ ಕಡೆ ತಿರುಗಿ ನೋಡಿದ್ದರೆ ಪಟ್ಟಿ ಅಲ್ಲಿಗೆ ನಿಲ್ಲುತ್ತಿರಲಿಲ್ಲ.

ಸ್ವತ್ತು ಪ್ರಕರಣ

ಸಾಸಿವೆ ಡಬ್ಬಿಯ ದುಡ್ಡು ಯಾರದ್ದು? ಇದಕ್ಕೆ ಕಲ್ಯಾಣದ ವಿಜ್ಞಾನೇಶ್ವರನನ್ನು ಕೇಳಬೇಕು. ಚಾಲುಕ್ಯ ಆರನೇ ವಿಕ್ರಮಾದಿತ್ಯನ ಕಾಲದಲ್ಲಿ ಮಿತಾಕ್ಷರಾ ಬರೆದ ಈ ಪುಣ್ಯಾತ್ಮ ಸ್ತ್ರೀಧನದ ಬೇಲಿಯನ್ನು ಬಹಳ ದೂರ ಸರಿಸಿದ. ತವರಿನವರು ಕೊಟ್ಟದ್ದಷ್ಟೇ ಅಲ್ಲ, ಅವಳಿಗೆ ಉತ್ತರಾಧಿಕಾರದಿಂದ ಬಂದದ್ದು, ಅವಳು ಕೊಂಡದ್ದು, ಕಡೆಗೆ ಅವಳಿಗೆ ಸಿಕ್ಕಿದ್ದೂ ಸ್ತ್ರೀಧನವೇ ಎಂದ. ಒಗೆಯುವ ಮುಂಚೆ ಅಂಗಿ ಜೇಬಿನಲ್ಲಿ ಸಿಗುವ ಐನೂರರ ನೋಟು ಈ "ಸಿಕ್ಕಿದ್ದು" ಎಂಬುದರ ಅಡಿಯಲ್ಲಿ ಬರುತ್ತದೆಂದು ಈ ಗ್ರಂಥಕರ್ತನ ವಿನಮ್ರ ವ್ಯಾಖ್ಯಾನ. ಗಂಡಂದಿರು ಮೇಲ್ಮನವಿ ಸಲ್ಲಿಸಬಹುದು, ಅಡುಗೆಮನೆಯಲ್ಲಿ.

ದೃಷ್ಟಾಂತ

ಸ್ಥಳ: ಗಾಂಧಿ ಬಜಾರ್. ಕಾಲ: ವರಮಹಾಲಕ್ಷ್ಮಿಯ ಹಿಂದಿನ ಗುರುವಾರ ಸಂಜೆ. ಹೂವಿನಾಕೆ ಕನಕಾಂಬರದ ದಂಡೆಯನ್ನು ಮೊಣಕೈಯಿಂದ ಬೆರಳ ತುದಿಗೆ ಎಳೆದು ಅಳೆಯುತ್ತಿದ್ದಾಳೆ.

"ಮೊಳ ಎಷ್ಟಮ್ಮ?"

"ನೂರೈವತ್ತು ಸಾರ್. ನಾಳೆ ಬೆಳಿಗ್ಗೆ ಬಂದ್ರೆ ಈ ರೇಟೂ ಇರಲ್ಲ."

"ಎರಡು ಮೊಳ ಕೊಡಿ, ಸಾಕು."

"ರೀ, ಕಳಶಕ್ಕೇ ಎರಡು ಬೇಕು. ಬರೋ ಮುತ್ತೈದೆಯರಿಗೆ?"

"ಅಲ್ಲ ಕಣೇ, ಹೋದ ವಾರ ಇದೇ ಹೂವು ನಲವತ್ತಿತ್ತು."

"ಹೋದ ವಾರ ಹಬ್ಬ ಇತ್ತಾ?"

ವಾದಶಾಸ್ತ್ರದಲ್ಲಿ ಇದನ್ನು ನಿಗ್ರಹಸ್ಥಾನ ಎನ್ನುತ್ತಾರೆ. ಎದುರಾಳಿ ಪರ್ಸು ತೆಗೆಯುವ ಜಾಗ. ಈತ ಅದೇ ಬೆಳಿಗ್ಗೆ ಕಿವಿಗೆ ಸಿಕ್ಕಿಸುವ ಹೊಸ ಇಯರ್‌ಬಡ್ ತರಿಸಿಕೊಂಡಿದ್ದ. ಬೆಲೆ ಇಪ್ಪತ್ತು ಮೊಳ ಕನಕಾಂಬರ. ಮನೆಗೆ ಬಂದ ಮೇಲೆ ಜಗಳವಾಯಿತು. ಆದದ್ದು ಹೂವಿಗಲ್ಲ, ಇಯರ್‌ಬಡ್ಡಿಗೂ ಅಲ್ಲ. "ನಂಗ್ಯಾಕೆ ಹೇಳ್ಲಿಲ್ಲ" ಎಂಬುದಕ್ಕೆ.

ಸಿದ್ಧಾಂತ

ಪೂರ್ವಪಕ್ಷದವರು ಖರ್ಚೇ ಜಗಳದ ಕಾರಣ ಎನ್ನುತ್ತಾರೆ. ಅದು ಸಲ್ಲದು. ಖರ್ಚಿಲ್ಲದ ಮನೆಯಲ್ಲೂ ಜಗಳ ಕಂಡಿದೆ, ಲಕ್ಷ ಸುರಿದ ಮನೆಯಲ್ಲೂ ಶಾಂತಿ ಕಂಡಿದೆ. ತಡವಾಗಿ ತಿಳಿದ ಖರ್ಚೇ ಕಲಹಕ್ಕೆ ಕಾರಣ ಎಂದು ನಿರ್ಣಯ. ಇದರಿಂದ ನಾಲ್ಕು ಸೂತ್ರ ಹುಟ್ಟುತ್ತವೆ.

ಸೂತ್ರ 1: ಮೊದಲು ಅಂಕಿ, ಆಮೇಲೆ ಅಂಗಡಿ. ಭಾಷ್ಯ: ಆಷಾಢದಲ್ಲಿ ಶುಭಕಾರ್ಯ ಇಲ್ಲವಾದ್ದರಿಂದ ಲೆಕ್ಕಕ್ಕೆ ಅದೇ ಪ್ರಶಸ್ತ. ಹಬ್ಬಕ್ಕೊಂದು ಸಾಲು ಬರೆದು ಎದುರಿಗೆ ಒಂದು ಮೊತ್ತ ಹಾಕಿ, ಇಬ್ಬರೂ ನೋಡುವುದು. ಹೊಸ ಮದುಮಗಳು ಆಷಾಢಕ್ಕೆ ತವರಿಗೆ ಹೋಗಿದ್ದರೆ ಫೋನಿನಲ್ಲಿ ಮಾಡಬಹುದು, ದೋಷವಿಲ್ಲ.

ಸೂತ್ರ 2: ಎರಡು ಕಡೆಗೂ ಒಂದೇ ಹಾಳೆ. ಭಾಷ್ಯ: ಅವನ ತಂಗಿಗೆ ಕಳಿಸುವ ಗೌರಿ ಹಬ್ಬದ ದುಡ್ಡೂ, ಅವಳ ತಾಯಿಗೆ ಕೊಡುವ ಮೊರದ ಬಾಗಿನವೂ ಅಕ್ಕಪಕ್ಕದ ಸಾಲಿನಲ್ಲಿರಲಿ. ಒಂದು ಕಡೆಯದು ಪ್ರೀತಿ, ಇನ್ನೊಂದು ಕಡೆಯದು ದುಂದು ಎಂಬ ಭೇದ ಆಗ ತಾನೇ ಕರಗುತ್ತದೆ. ಅವಳಿಗೆ ಅವಳಣ್ಣ ಕಳಿಸಿದ್ದು ಮಾತ್ರ ಈ ಹಾಳೆಗೆ ಬರತಕ್ಕದ್ದಲ್ಲ, ವಿಜ್ಞಾನೇಶ್ವರ ಮುನಿದಾನು.

ಸೂತ್ರ 3: ಬಾರದ ಬೋನಸ್ಸಿಗೆ ಬೆಲೆ ಸೊನ್ನೆ. ಭಾಷ್ಯ: ಅದರ ಬದಲು ಯುಗಾದಿಯಿಂದಲೇ ತಿಂಗಳಿಗಿಷ್ಟು ಎತ್ತಿಡುವುದು. ಪಟಾಕಿ ಚೀಟಿ ಕಟ್ಟುವವರು ಈ ತತ್ತ್ವವನ್ನು ಅಂಗಡಿ ಬೀದಿಯಲ್ಲೇ ಸಾಧಿಸಿಕೊಂಡಿದ್ದಾರೆ.

ಸೂತ್ರ 4: ಲೆಕ್ಕ ಕೇಳದ ದುಡ್ಡು ಇಬ್ಬರಿಗೂ ಇರಲಿ. ಭಾಷ್ಯ: ಇಬ್ಬರಿಗೂ ಸಮನಾಗಿ, ಸಣ್ಣ ಮೊತ್ತ. ಅದರಲ್ಲಿ ಇಯರ್‌ಬಡ್ ಬಂದರೂ ಸರಿ, ಇನ್ನೊಂದು ಮೊಳ ಹೂವು ಬಂದರೂ ಸರಿ, "ಟಿಂಗ್" ಎಂದಾಗ ಫೋನನ್ನು ಬೋರಲು ಹಾಕತಕ್ಕದ್ದು.

ಫಲಶ್ರುತಿ

ಈ ಗ್ರಂಥವನ್ನು ಹಬ್ಬದ ಹಿಂದಿನ ರಾತ್ರಿ ಓದಿದವರಿಗೆ ನಿದ್ದೆಗೆಡುವುದಷ್ಟೇ ಫಲ. ಆಷಾಢದಲ್ಲಿ ಜೊತೆಯಾಗಿ ಕೂತು ಓದಿದವರಿಗೆ ದೀಪಾವಳಿಯ ಹೊತ್ತಿಗೆ ಪಟಾಕಿ ಸದ್ದು ಮನೆ ಹೊರಗಡೆ ಮಾತ್ರ ಕೇಳಿಸುವುದು. ಒಬ್ಬರೇ ಓದಿ, ಇನ್ನೊಬ್ಬರ ಮುಖಕ್ಕೆ ಹಿಡಿದು "ನೋಡು, ಶಾಸ್ತ್ರದಲ್ಲೇ ಹೇಳಿದೆ" ಎಂದರೆ ಮುಂದಾಗುವುದಕ್ಕೆ ಗ್ರಂಥಕರ್ತನಾಗಲಿ ಪತ್ರಿಕೆಯಾಗಲಿ ಜವಾಬ್ದಾರಿಯಲ್ಲ.