ಒದ್ದೆಬಟ್ಟೆ ಮೀಮಾಂಸೆ

ಸರಕಾರಿ ಸೇವೆಯಲ್ಲಿ ತಂತ್ರಜ್ಞಾನವನ್ನು ಹೊಸ ಬಗೆಯಲ್ಲಿ ಬಳಸಿದವರಿಗೆ ಕೇಂದ್ರ ಸರಕಾರ 2003ರಿಂದ ರಾಷ್ಟ್ರೀಯ ಇ-ಆಡಳಿತ ಪ್ರಶಸ್ತಿ ಕೊಡುತ್ತ ಬಂದಿದೆ. ಒದ್ದೆಬಟ್ಟೆಗೆ ಈವರೆಗೂ ಅದು ದಕ್ಕಿಲ್ಲ. ಈ ಮಹಾಲೋಪವನ್ನು ವಿದ್ವಜ್ಜನರ ಅವಗಾಹನೆಗೆ ತರುವುದೇ ಪ್ರಸ್ತುತ ಗ್ರಂಥದ ಪ್ರಯೋಜನ.

ಮೊದಲಿಗೆ ಕ್ಷೇತ್ರನಿರ್ಣಯ. ಶಿವಮೊಗ್ಗದಿಂದ ಬಿ.ಎಚ್. ರಸ್ತೆ ಹಿಡಿದು ಹೊರಟರೆ ಭದ್ರಾವತಿ. 1918ರಲ್ಲಿ ಅಡಿಪಾಯ ಕಂಡ ಇಲ್ಲಿನ ಕಬ್ಬಿಣದ ಕಾರ್ಖಾನೆ 1923ರಲ್ಲಿ ಕಬ್ಬಿಣ ಇಳಿಸತೊಡಗಿತು. ಈಗ ಅದಕ್ಕೆ ವಿಶ್ವೇಶ್ವರಯ್ಯನವರ ಹೆಸರು. ಆಮೇಲೆ ಬಂದದ್ದು ಕಾಗದದ ಎಂಪಿಎಂ, ಅಂದರೆ ಮೈಸೂರು ಪೇಪರ್ ಮಿಲ್ಸ್. ಇವೆರಡರಲ್ಲಿ ದುಡಿದು ನಿವೃತ್ತರಾದವರು ಊರ ತುಂಬ ಇದ್ದಾರೆ. ದುಡಿದ ಕೈಯಲ್ಲಿ ಉಗುರು ಉಳಿದಿದೆ, ಬೆರಳಿನ ಗೆರೆ ಉಳಿದಿಲ್ಲ.

ಇನ್ನು ಪೂರ್ವಪಕ್ಷ. ನೈಯಾಯಿಕರು ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ನಾಲ್ಕೇ ಪ್ರಮಾಣ ಹೇಳಿ ಕೈತೊಳೆದುಕೊಂಡರು. 2014ರ ನವೆಂಬರ್ 10ರಂದು ಪಿಂಚಣಿದಾರರು ಬದುಕಿದ್ದಾರೆಂದು ಸಾರುವ, ಆಧಾರ್ ಆಧರಿತ ‘ಜೀವನ್ ಪ್ರಮಾಣ್’ ಪತ್ರ ಬಂದು ಐದನೆಯದನ್ನು ಸೇರಿಸಿತು: ಹೆಬ್ಬೆಟ್ಟು. ಯಜಮಾನರು ಸೈಬರ್ ಅಂಗಡಿಯಲ್ಲಿ ಎದುರಿಗೇ ಕೂತು ಕೆಮ್ಮುತ್ತಿದ್ದರೂ ಅದು ಬರೀ ಪ್ರತ್ಯಕ್ಷ. ಯಂತ್ರದ ಮಟ್ಟಿಗೆ ಅವರಿನ್ನೂ ಸಂದೇಹಾಸ್ಪದರು. (ಪಿಂಚಣಿಗಾಗಿ ವರ್ಷವರ್ಷ ಬ್ಯಾಂಕಿನ ಮೆಟ್ಟಿಲು ಹತ್ತುವ ಕಷ್ಟ ಇದರಿಂದ ತಪ್ಪಿತೆಂಬುದು ನಿಜ. ಟೀಕಾಕಾರನಿಗೂ ನ್ಯಾಯ ಬೇಕು.)

ಇಲ್ಲಿ ಸಿದ್ಧಾಂತ. ಗೆರೆ ಹತ್ತದಿದ್ದಾಗ ಅಂಗಡಿಯ ಹುಡುಗ ಬೆರಳನ್ನು ಒದ್ದೆಬಟ್ಟೆಯಲ್ಲಿ ಒರೆಸುತ್ತಾನೆ, ಇದು ಆರ್ದ್ರಪಂಥ. “ಯಜಮಾನ್ರೇ, ಒಂದ್ಸಲ ತಲೆಗೆ ಉಜ್ಜಿ” ಎನ್ನುವುದು ಸ್ನೇಹಪಂಥ. ಕೂದಲಿನ ಎಣ್ಣೆಯಂಶ ಬೆರಳಿಗೆ ಹತ್ತಿ ಗೆರೆ ಮೂಡುತ್ತದೆಂಬುದು ಇದರ ತಿರುಳು. ಬೊಕ್ಕತಲೆಯವರಿಗೆ ಇದು ಅನ್ವಯಿಸದಾದ್ದರಿಂದ ಅವ್ಯಾಪ್ತಿ ದೋಷ, ಆರ್ದ್ರಪಂಥವೇ ಗ್ರಾಹ್ಯ. 2021ರ ನವೆಂಬರಿನಲ್ಲಿ ಮುಖವನ್ನೇ ಗುರುತಿಸುವ ಮೂರನೆಯ ಪಂಥ ಹುಟ್ಟಿತು. ಫೋನಿನ ಮುಂದೆ ಕಣ್ಣು ಮಿಟುಕಿಸಬೇಕು. ಆಯುಷ್ಯವಿಡೀ ಫರ್ನೇಸಿನ ಎದುರು ಕಣ್ಣು ಕಿರಿದು ಮಾಡಿ ನಿಂತವರಿಗೆ ಈಗ ಅಗಲಿಸಿ ಮಿಟುಕಿಸಿರೆಂಬ ಅಪ್ಪಣೆ!

ಇನ್ನು ಪ್ರಶಸ್ತಿಯ ಮಾತು. ರಾಜ್ಯ ಸರಕಾರದ ‘ಭೂಮಿ’ ಯೋಜನೆ ಪಹಣಿಯನ್ನು ಕಂಪ್ಯೂಟರಿಗೇರಿಸಿ ದೇಶವಿದೇಶಗಳಲ್ಲಿ ಹೊಗಳಿಸಿಕೊಂಡಿತು, ಸರಿಯೇ. ಆದರೆ ತೀರ್ಪುಗಾರರಿಗೆ ಕಾಣುವುದು ಪರದೆಯ ಮೇಲಿನ ಚಿತ್ರಮಾಲೆ. ಆ ಪರದೆಗೂ ಮುದುಕರ ಬೆರಳಿಗೂ ನಡುವೆ ಒಬ್ಬ ಹುಡುಗ, ಒಂದು ಬಕೆಟ್ಟು, ಹಳೆ ಪಂಚೆಯ ತುಂಡು ಇರುವುದು ಯಾವ ಅರ್ಜಿಯ ಯಾವ ಕಲಮಿನಲ್ಲೂ ಬರುವುದಿಲ್ಲ. ಆದ್ದರಿಂದ ಮುಂದಿನ ಪ್ರಶಸ್ತಿಗೆ ಆ ಪಂಚೆಯ ತುಂಡನ್ನೇ ಶಿಫಾರಸು ಮಾಡಲಾಗಿದೆ. ಪ್ರಶಸ್ತಿ ಪತ್ರವನ್ನು ಹುಡುಗನ ಕೈಗೇ ಕೊಡಬಹುದು. ಅವನ ಹೆಬ್ಬೆಟ್ಟು ಇನ್ನೂ ಹತ್ತುತ್ತದೆ.

ಭವಿಷ್ಯನಿಧಿಯ ಪಿಂಚಣಿದಾರರಿಗೆ ಜೀವನ್ ಪ್ರಮಾಣ್ ಊರ್ಜಿತವಾಗಿರುವುದು ಹನ್ನೆರಡೇ ತಿಂಗಳು. ಆಮೇಲೆ ಬದುಕಿರುವುದನ್ನು ಮೊದಲಿನಿಂದ ಸಾಧಿಸಬೇಕು.