ಗ್ರೀನ್‌ಕಾರ್ಡ್ ಜಾತಕ ನಿರ್ಣಯ: ಒಂದು ಶಾಸ್ತ್ರೀಯ ವಿವೇಚನೆ

ಅಮೆರಿಕದ ವಲಸೆ ಕಾನೂನಿನ ಮೂಲ ಇಂಗ್ಲೆಂಡಿನ ನ್ಯಾಯಪದ್ಧತಿಯಲ್ಲಿದೆ ಎಂದು ಬಲ್ಲವರು ಬಹುಕಾಲದಿಂದ ಹೇಳಿಕೊಂಡು ಬಂದಿದ್ದಾರೆ. ಈ ಮತ ನಿಲ್ಲತಕ್ಕದ್ದಲ್ಲ. ಅದು ಜ್ಯೋತಿಷದ ಒಂದು ಶಾಖೆ ಎಂದು ಸಿದ್ಧಪಡಿಸುವುದೇ ಪ್ರಸ್ತುತ ಪ್ರಬಂಧದ ಉದ್ದೇಶ. ಜಾತಕ ಬರೆಯಲು ಬೇಕಾದದ್ದೇನು? ಹುಟ್ಟಿದ ಊರು, ಹುಟ್ಟಿದ ಗಳಿಗೆ. ಎಚ್-1ಬಿ ಎಂಬ ಕೆಲಸದ ವೀಸಾ ಹಿಡಿದು ಡಲ್ಲಾಸ್‌ನಲ್ಲಿ ಕೂತಿರುವ ಹಾಸನದ ಹುಡುಗನ ಹಣೆಬರಹ ತಿಳಿಯಲೂ ಅವೆರಡೇ ಸಾಕು. ಅವನ ವಿದ್ಯೆ, ಸಂಬಳ, ವರ್ಷ ವರ್ಷ ಕಟ್ಟಿದ ತೆರಿಗೆ ಇವು ಯಾವುವೂ ಗ್ರಹಗಳಲ್ಲ.

ಮೊದಲು ಸ್ಥಾನಬಲ. 1990ರ ಕಾನೂನಿನಂತೆ ಉದ್ಯೋಗದ ಲೆಕ್ಕದಲ್ಲಿ ವರ್ಷಕ್ಕೆ ಸುಮಾರು 1,40,000 ಗ್ರೀನ್‌ಕಾರ್ಡ್. ಯಾವುದೇ ಒಂದು ದೇಶದಲ್ಲಿ ಹುಟ್ಟಿದವರಿಗೆ ಅದರಲ್ಲಿ ಶೇಕಡಾ 7 ಮೀರುವಂತಿಲ್ಲ. ಭಾರತಕ್ಕೂ 7, ಐಸ್‌ಲ್ಯಾಂಡಿಗೂ 7. ಐಸ್‌ಲ್ಯಾಂಡಿನ ಅಷ್ಟೂ ಜನರನ್ನು ಒಟ್ಟು ಹಾಕಿದರೂ ಹುಬ್ಬಳ್ಳಿ-ಧಾರವಾಡದ ಅರ್ಧಕ್ಕೆ ಸಾಲುವುದಿಲ್ಲ ಎಂಬ ಆಕ್ಷೇಪ ಇಲ್ಲಿ ಸಲ್ಲದು. ಶಾಸ್ತ್ರಕ್ಕೆ ತಲೆ ಎಣಿಸುವ ಗೊಡವೆ ಇಲ್ಲ. ಈ ಒಟ್ಟಿನಲ್ಲಿ ಒಂದು ಭಾಗವಷ್ಟೇ ಸಿಗುವ, ಮಾಸ್ಟರ್ಸ್ ಓದಿದವರ ವರ್ಗವಾದ ಇಬಿ-2ರಲ್ಲಿ ಭಾರತದ ಪಾಲು ಹೀಗೆ ಸುಮಾರು 2,800. ಹೆಂಡತಿ ಮಕ್ಕಳೂ ಅದರೊಳಗೇ. ಮನೆಗೆ ಮೂವರಂತೆ ಹಿಡಿದರೆ ಸಾವಿರ ಮನೆಗೂ ಬಾರದು. ಉಳಿದ ದೇಶದವರು ಉಂಡು ಮಿಕ್ಕದ್ದು ಬಿದ್ದರೆ ಬಿತ್ತು. ಬೆಂಗಳೂರಿನಲ್ಲಿ ಹುಟ್ಟಿ ಆಮೇಲೆ ಕೆನಡಾದ ಪೌರನೇ ಆದರೂ ಅವನು ನಿಲ್ಲಬೇಕಾದ್ದು ಭಾರತದ ಸಾಲಿನಲ್ಲೇ. ಪಾಸ್‌ಪೋರ್ಟ್ ಬದಲಾಯಿಸಬಹುದು, ಹೆರಿಗೆ ಆಸ್ಪತ್ರೆ ಬದಲಾಯಿಸಲಾದೀತೆ?

ಈ ಶಾಸ್ತ್ರಕ್ಕೆ ಪೂರ್ವೇತಿಹಾಸವೂ ಉಂಟು. 1790ರ ಕಾನೂನು ಬಿಳಿಯ ಸ್ವತಂತ್ರ ಮನುಷ್ಯರಿಗೆ ಮಾತ್ರ ಪೌರತ್ವ ಎಂದಿತ್ತು. ಬಿಳಿಯ ಎಂದರೆ ಯಾರು? 1922ರಲ್ಲಿ ಜಪಾನಿನ ತಕಾವೊ ಒಜಾವಾ ತನ್ನ ಚರ್ಮ ಸಾಕಷ್ಟು ಬಿಳಿದಾಗಿದೆ ಎಂದು ವಾದಿಸಿದಾಗ ಸುಪ್ರೀಂ ಕೋರ್ಟು, ಬಣ್ಣ ಲೆಕ್ಕಕ್ಕಿಲ್ಲ, ಕಕೇಷಿಯನ್ ಕುಲ ಬೇಕು ಎಂದಿತು. ಮೂರು ತಿಂಗಳ ಮೇಲೆ ಪಂಜಾಬಿನ ಭಗತ್ ಸಿಂಗ್ ಥಿಂಡ್ ಬಂದರು. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿದ್ದವರು. ಅಂದಿನ ಪಂಡಿತರ ಗ್ರಂಥಗಳನ್ನೇ ಮುಂದಿಟ್ಟು ತಾವು ಕಕೇಷಿಯನ್ ಎಂದು ತೋರಿಸಿದರು. ಈಗ ಅದೇ ಕೋರ್ಟು, ಪಂಡಿತರ ಮಾತು ಕಟ್ಟಿಕೊಂಡು ಏನಾಗಬೇಕು, ಸಾಮಾನ್ಯ ಮನುಷ್ಯನ ಕಣ್ಣಿಗೆ ನೀವು ಬಿಳಿಯರಲ್ಲ ಎಂದು 1923ರಲ್ಲಿ ಒಮ್ಮತದಿಂದ ತೀರ್ಪಿತ್ತಿತು. ಪ್ರಶ್ನೆ ಕೇಳಿದವನ ಮುಖ ನೋಡಿ ಸೂತ್ರ ಬದಲಾಯಿಸುವ ಈ ವಿಧಾನ ನಮ್ಮ ಜೋಯಿಸರಿಗೂ ಒಗ್ಗಿದ್ದೇ. ಥಿಂಡರಿಗೆ ಕಡೆಗೂ ಪೌರತ್ವ ಸಿಕ್ಕಿದ್ದು 1936ರಲ್ಲಿ. ಭಾರತೀಯರಿಗೆಲ್ಲ ಬಾಗಿಲು ತೆರೆದದ್ದು 1946ರಲ್ಲಿ. ವರ್ಷಕ್ಕೆ ಸುಮಾರು 100 ಜನರಂತೆ.

ಇನ್ನು ಕಾಲಬಲ. ಜೀವ ಭೂಮಿಗೆ ಬಿದ್ದ ಗಳಿಗೆ ಇಲ್ಲಿ ಪ್ರಮಾಣವಲ್ಲ. ಕಂಪನಿಯವರು ‘ಪರ್ಮ್’ ಎಂಬ ಅರ್ಜಿ ಹಾಕಿದ ದಿನವೇ ಪ್ರಯಾರಿಟಿ ಡೇಟ್, ಜನರ ಬಾಯಲ್ಲಿ ಪಿಡಿ. ಇದು ಎರಡನೆಯ ಜನ್ಮ. ಇದಕ್ಕೆ ಮೊದಲು ಒಂದು ಸಂಸ್ಕಾರ ಆಗಬೇಕು: ಆ ಕೆಲಸಕ್ಕೆ ತಕ್ಕ ಅಮೆರಿಕನ್ನರು ಯಾರೂ ಸಿಗಲಿಲ್ಲವೆಂದು ತೋರಿಸಲು ಎರಡು ಭಾನುವಾರ ಪತ್ರಿಕೆಯಲ್ಲಿ ಜಾಹೀರಾತು ಕೊಡುವುದು. ನಮ್ಮ ಹುಡುಗ ಅದೇ ಕುರ್ಚಿಯಲ್ಲಿ ಕೂತು ಅದೇ ಕೆಲಸ ಮಾಡುತ್ತಿರುತ್ತಾನೆ. ಯಾರ ಕಣ್ಣಿಗೂ ಬೀಳದಿರಲಿ ಎಂಬ ಪ್ರಾರ್ಥನೆಯೊಂದಿಗೆ ಅಚ್ಚಾಗುವ ಜಾಹೀರಾತು ಲೋಕದಲ್ಲಿ ಇದೊಂದೇ ಇರಬೇಕು. ಮುಂದಿನ ಅರ್ಜಿಯೂ ಮಂಜೂರಾಗಿಬಿಟ್ಟರೆ, ಕೆಲಸ ಬಿಟ್ಟು ಬೇರೆ ಕಂಪನಿ ಸೇರಿದರೂ ಪಿಡಿ ಬೆನ್ನು ಬಿಡುವುದಿಲ್ಲ. ಸಂಚಿತ ಕರ್ಮ ದೇಹದಿಂದ ದೇಹಕ್ಕೆ ಹೋಗುವ ಬಗೆಯನ್ನು ಇಷ್ಟು ಚೊಕ್ಕವಾಗಿ ಯಾವ ದರ್ಶನವೂ ವಿವರಿಸಿಲ್ಲ.

ಪಂಚಾಂಗದ ಸ್ಥಾನದಲ್ಲಿರುವುದು ವಿದೇಶಾಂಗ ಇಲಾಖೆ ತಿಂಗಳಿಗೊಮ್ಮೆ ಹೊರಡಿಸುವ ವೀಸಾ ಬುಲೆಟಿನ್. ಒಂಟಿಕೊಪ್ಪಲ್ ಪಂಚಾಂಗ ವರ್ಷಕ್ಕೊಮ್ಮೆ ಅಚ್ಚಾಗಿ ಮಾತಿಗೆ ತಪ್ಪದೆ ನಡೆಯುತ್ತದೆ. ಇದರ ವಿಷಯ ಹಾಗಲ್ಲ. ಸಂವತ್ಸರ ಅಕ್ಟೋಬರ್‌ನಲ್ಲಿ ಶುರು. 2015ರಿಂದೀಚೆಗೆ ಇದರಲ್ಲಿ ಎರಡು ಪಟ್ಟಿ: ಕಾರ್ಡು ಕೊಡುವ ದಿನದ್ದೊಂದು, ಅರ್ಜಿ ಹಾಕುವ ದಿನದ್ದೊಂದು. ಈ ತಿಂಗಳು ಯಾವ ಪಟ್ಟಿ ಹಿಡಿಯಬೇಕೆಂದು ಇನ್ನೊಂದು ಇಲಾಖೆ ಹೇಳಬೇಕು. ಸೌರಮಾನ, ಚಾಂದ್ರಮಾನಗಳ ಜಗಳ ಕಂಡವರಿಗೆ ಹೆಚ್ಚು ವಿವರಣೆ ಬೇಡ.

ಎಲ್ಲಕ್ಕಿಂತ ಪ್ರಬಲವಾದ ಪ್ರಮಾಣ ವಕ್ರಗತಿ. ಶನಿ ಹಿಮ್ಮುಖವಾಗಿ ನಡೆಯುವುದು ನೋಟಕ್ಕೆ ಮಾತ್ರ ಎಂದು ಖಗೋಳದವರು ಸಮಾಧಾನ ಹೇಳುತ್ತಾರೆ. ಬುಲೆಟಿನ್‌ನಲ್ಲಿ ಕಾಲ ನಿಜವಾಗಿಯೇ ಹಿಂದಕ್ಕೆ ಹೋಗುತ್ತದೆ. 2012ರ ಏಪ್ರಿಲ್‌ನಲ್ಲಿ ಭಾರತದ ಇಬಿ-2 ಸಾಲು 2010ರ ಮೇ ತಿಂಗಳವರೆಗೆ ಬಂದಿತ್ತು. ಅದೇ ಅಕ್ಟೋಬರ್ ಹೊತ್ತಿಗೆ 2004ರ ಸೆಪ್ಟೆಂಬರ್‌ಗೆ ಇಳಿದಿತ್ತು. ಆರು ತಿಂಗಳಲ್ಲಿ ಐದೂವರೆ ವರ್ಷಕ್ಕೂ ಹೆಚ್ಚು ಹಿಂದೆ! ಐನ್‌ಸ್ಟೈನ್ ಇದೇ ಅಮೆರಿಕದ ಪೌರರಾಗಿದ್ದರೂ ಈ ಸಾಧ್ಯತೆ ಅವರಿಗೆ ಹೊಳೆದಿರಲಿಲ್ಲ. ಇನ್ನು 2020ರ ಅಕ್ಟೋಬರ್‌ನಲ್ಲಿ ಕಡಿಮೆ ವಿದ್ಯೆಯ ಇಬಿ-3 ಸಾಲು ಅರ್ಜಿ ಹಾಕುವ ಪಟ್ಟಿಯಲ್ಲಿ ಇಬಿ-2ನ್ನು ವರ್ಷಗಟ್ಟಲೆ ಹಿಂದೆ ಹಾಕಿತು. ಆಗ ಮಾಸ್ಟರ್ಸ್ ಪದವೀಧರರು ಲಾಯರಿಗೆ ಫೀಸು ತೆತ್ತು, ನಮ್ಮ ಕೆಲಸಕ್ಕೆ ಅಷ್ಟೆಲ್ಲ ಓದು ಬೇಕಿಲ್ಲ ಎಂದು ಅರ್ಜಿ ಹಾಕಿಸಿಕೊಂಡರು. ನೀಚಭಂಗ ರಾಜಯೋಗಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ವಕ್ರಗತಿಗೆ ಶಾಂತಿಕರ್ಮ ಫಲಿಸಿದ ದಾಖಲೆಯೂ ಒಂದಿದೆ. 2007ರ ಜುಲೈಗೆಂದು ಬಂದ ಬುಲೆಟಿನ್ ಉದ್ಯೋಗದ ಬಹುತೇಕ ಎಲ್ಲರೂ ಅರ್ಜಿ ಹಾಕಬಹುದು ಎಂದಿತು. ಜನ ರಜೆ ಹಾಕಿ, ವೈದ್ಯಕೀಯ ತಪಾಸಣೆ ಮಾಡಿಸಿ, ಕಾಗದಪತ್ರ ಜೋಡಿಸಿದರು. ಜುಲೈ 2ರಂದು, ಯಾರೂ ಹಾಕುವಂತಿಲ್ಲ ಎಂಬ ಪ್ರಕಟಣೆ ಬಂತು. ಆಗಷ್ಟೇ ‘ಲಗೇ ರಹೋ ಮುನ್ನಾಭಾಯಿ’ ನೋಡಿದ್ದ ನಮ್ಮವರು ಬೈಯಲಿಲ್ಲ, ವಲಸೆ ಇಲಾಖೆಯ ಮುಖ್ಯಸ್ಥರಿಗೆ ಹೂಗುಚ್ಛಗಳ ರಾಶಿಯನ್ನೇ ಕಳಿಸಿದರು. ಅವರು ಅದನ್ನು ಆಸ್ಪತ್ರೆಯಲ್ಲಿದ್ದ ಗಾಯಾಳು ಸೈನಿಕರಿಗೆ ದಾಟಿಸಿದರು. ಜುಲೈ 17ಕ್ಕೆ ಇಲಾಖೆ ಮಾತು ಹಿಂತೆಗೆದುಕೊಂಡು ಬಾಗಿಲು ತೆರೆಯಿತು. ಫಲ ಹೂವಿನದೋ, ಕೋರ್ಟಿಗೆ ಹೋಗುತ್ತೇವೆಂದು ಸಜ್ಜಾಗಿದ್ದ ವಕೀಲರದೋ ಎಂಬಲ್ಲಿ ಪಾಠಭೇದವಿದೆ.

ಮೇಳಾಮೇಳಿಯನ್ನು ಬಿಡುವಂತಿಲ್ಲ. ಗಂಡನ ಜನ್ಮಸ್ಥಾನ ದುರ್ಬಲವಾಗಿದ್ದರೆ ಹೆಂಡತಿಯ ಜನ್ಮಸ್ಥಾನ ಆಸರೆಗೆ ಬರುತ್ತದೆ, ಅವಳದು ದುರ್ಬಲವಾದರೆ ಅವನದು. ಅಪ್ಪ ಕುವೈತಿನಲ್ಲಿ ಕೆಲಸಕ್ಕಿದ್ದಾಗ ಅಲ್ಲೇ ಹುಟ್ಟಿದ ಮಂಗಳೂರಿನ ಹುಡುಗಿಯನ್ನು ಮದುವೆಯಾದವನು ಅವಳ ಕೈ ಹಿಡಿದು ಕುವೈತಿನ ಸಾಲಿಗೆ ದಾಟಬಹುದು. ಅಲ್ಲಿ ಕಾಯುವವರು ವಿರಳ. ಗಲ್ಫಿಗೆ ಹೋದ ಮಾವ ಕಳಿಸಿದ ಚಿನ್ನಕ್ಕಿಂತ ಅವನು ತಂದ ಬರ್ತ್ ಸರ್ಟಿಫಿಕೇಟ್ ತೂಕದ್ದು.

ಸಿದ್ಧಾಂತದ ಸತ್ಯಾಸತ್ಯ ತಿಳಿಯಬೇಕೆಂಬವರು ಅಮೆರಿಕದ ಯಾವ ಕನ್ನಡ ಕೂಟದ ಯುಗಾದಿಗಾದರೂ ಹೋಗಿ ನೋಡಬಹುದು. ಬಾಡಿಗೆಗೆ ಪಡೆದ ಶಾಲೆಯ ಹಾಲ್, ಪೇಪರ್ ಕಪ್ಪಿನಲ್ಲಿ ಬೇವು ಬೆಲ್ಲ, ವೇದಿಕೆಯ ಮೇಲೆ ಪಂಚಾಂಗ ಶ್ರವಣ. ಹಿಂದಿನ ಸಾಲಿನಲ್ಲಿ ಇನ್ನೊಂದು ಶ್ರವಣ ನಡೆದಿರುತ್ತದೆ.

“ನಿಮ್ದು ಪಿಡಿ ಯಾವ್ದು ಸಾರ್?”

“2014 ಮಾರ್ಚ್. ಇಬಿ ಟೂ.”

“ಛೇ, ಪರ್ವಾಗಿಲ್ಲ ಬಿಡಿ. ನಂದು 2019.”

“ಅಯ್ಯೋ! ಬನ್ನಿ, ಪುಳಿಯೋಗರೆ ಖಾಲಿಯಾಗುತ್ತೆ.”

ರಾಶಿ ಕೇಳಿದವರು ಯಾರೂ ಇಲ್ಲ. ಗೋತ್ರ ಕೇಳಿದವರು ಒಬ್ಬಿಬ್ಬರು.

ಪೌರತ್ವವೆಂಬ ಮೋಕ್ಷದ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅಲ್ಲಿಗೆ ಮುಟ್ಟಿದವರು ಈ ಶಾಸ್ತ್ರವನ್ನೇ ಮರೆತಿರುತ್ತಾರೆ. ಗ್ರೀನ್‌ಕಾರ್ಡ್ ಬಂದು ಐದು ವರ್ಷ, ಅದರಲ್ಲಿ 30 ತಿಂಗಳಾದರೂ ನೆಲದ ಮೇಲೆ ಇದ್ದಿರಬೇಕು. ಸಚ್ಚಾರಿತ್ರ್ಯ ಬೇಕು; ರೂಢಿಯ ಕುಡುಕನಿಗೆ ಅದಿಲ್ಲವೆಂದು ಕಾನೂನೇ ಹೇಳುತ್ತದೆ. ಇತಿಹಾಸ, ಆಡಳಿತದ ಪರೀಕ್ಷೆ ಬೇರೆ: 2025ರ ಅಕ್ಟೋಬರ್‌ನಿಂದ ಅರ್ಜಿ ಹಾಕಿದವರು 128 ಪ್ರಶ್ನೆ ಓದಿಕೊಳ್ಳಬೇಕು, 20ರಲ್ಲಿ 12 ಸರಿಯಾಗಬೇಕು. ಕೊನೆಗೆ ಪ್ರಮಾಣವಚನ. ಪರದೇಶದ ಯಾವ ರಾಜನಿಗೂ ನಿಷ್ಠೆಯಿಲ್ಲ ಎನ್ನುವಾಗ ದಸರೆಯ ಖಾಸಗಿ ದರ್ಬಾರು ನೆನಪಾಗಿ ಮೈಸೂರಿನವನ ನಾಲಿಗೆ ಕ್ಷಣ ತೊದಲಿದರೆ ಅದು ಸಚ್ಚಾರಿತ್ರ್ಯಕ್ಕೆ ಭಂಗವಲ್ಲ. ಆಮೇಲೆ ಭಾರತದ ಪಾಸ್‌ಪೋರ್ಟ್ ಒಪ್ಪಿಸಿ, ಸಾಗರೋತ್ತರ ಭಾರತೀಯರಿಗೆಂದು ಕೊಡುವ ಒಸಿಐ ಕಾರ್ಡ್ ಪಡೆಯುವುದು. ಓಟಿಲ್ಲ. ಹೊಲ ತೋಟ ಕೊಳ್ಳುವಂತಿಲ್ಲ, ಪಿತ್ರಾರ್ಜಿತವಾಗಿ ಬಂದರೆ ತೊಂದರೆಯಿಲ್ಲ.

ಒಂದು ಕುಟುಂಬದ ಜಾತಕ ಮಾತ್ರ ಈ ಲೇಖಕನ ಲೆಕ್ಕಕ್ಕೆ ಸಿಗದೆ ಉಳಿದಿದೆ. ಇಂಥ ಮನೆಗಳು ಬೇಕಾದಷ್ಟಿವೆ. ಅಕ್ಕ ಹಾಸನದಲ್ಲಿ ಹುಟ್ಟಿ ಎರಡನೇ ವಯಸ್ಸಿಗೆ ಅಮೆರಿಕಕ್ಕೆ ಬಂದವಳು, ತಮ್ಮ ಆಸ್ಟಿನ್‌ನಲ್ಲಿ ಹುಟ್ಟಿದವನು, ಹುಟ್ಟಿನಿಂದಲೇ ಅಮೆರಿಕದ ಪೌರ. ಅಕ್ಕನಿಗೆ 21 ತುಂಬಿತೆಂದರೆ ಅವಳು ಶಾಸ್ತ್ರದ ಪ್ರಕಾರ ಮಗಳಲ್ಲ. ಅಪ್ಪನ ಸಾಲಿನಿಂದ ಹೊರಗೆ. ವಯಸ್ಸಿನಲ್ಲಿ ಕೆಲವು ದಿನ ಕಳೆದುಕೊಡಲು 2002ರ ಕಾನೂನೊಂದಿದೆ, ಆದರೆ ಹತ್ತು ಹದಿನೈದು ವರ್ಷದ ಸಾಲಿಗೆ ಅದು ಎಲ್ಲಿಗೆ ಸಾಕು? ಸ್ಟೂಡೆಂಟ್ ವೀಸಾ ಹಿಡಿಯಬೇಕು, ಇಲ್ಲವೇ ನೆನಪೇ ಇಲ್ಲದ ಊರಿಗೆ ಮರಳಬೇಕು. ತಮ್ಮನಿಗೆ 21 ತುಂಬಿತೆಂದರೆ ಅವನು ಅಪ್ಪ ಅಮ್ಮನಿಗೆ ಗ್ರೀನ್‌ಕಾರ್ಡ್ ಕೊಡಿಸಬಲ್ಲ. ಆ ದಾರಿಗೆ ಶೇಕಡಾ 7ರ ಕಟ್ಟಿಲ್ಲ, ಬುಲೆಟಿನ್ ಕಾಟವಿಲ್ಲ. ಅಕ್ಕನಿಗೂ ಅವನು ಅರ್ಜಿ ಹಾಕಬಹುದು, ಒಡಹುಟ್ಟಿದವರಿಗೆಂದೇ ಬೇರೊಂದು ಸಾಲಿದೆ. ಭಾರತದವರಿಗೆ ಅದು ಸದ್ಯ ಹೆಚ್ಚುಕಡಿಮೆ ಇಪ್ಪತ್ತು ವರ್ಷ ಹಿಂದೆ ಬಿದ್ದಿದೆ. ಅವಳ ಸರದಿ ಬರುವಷ್ಟರಲ್ಲಿ ಅವಳ ಮಕ್ಕಳಿಗೆ 21 ತುಂಬಿರುತ್ತದೋ ಇಲ್ಲವೋ ಎಂಬುದನ್ನು ಗುಣಿಸಿ ಹೇಳಬಲ್ಲ ಜೋಯಿಸರಿದ್ದರೆ ದಯವಿಟ್ಟು ಮುಂದೆ ಬರಬೇಕು.